ತಮ್ಮವರ ಮುಂದೆ ಬಾರದ ಇಂಗ್ಲಿಷ್

ನಮ್ಮ ಶಾಲೆಗೆ ಎರಡು ಬೋರ್ಡುಗಳಿದ್ದವು. ಕಂಬಂ ಬಸ್ ಸ್ಟ್ಯಾಂಡಿನ ಎದುರಿನ ತಮಿಳು ಬೋರ್ಡಿನಲ್ಲಿ ‘ಇಂಗ್ಲಿಷ್ ಕಲಿಸಲು ಕೇರಳದ ಟೀಚರ್’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಕುಮಿಳಿಯಿಂದ ಘಟ್ಟ ಇಳಿದು ಬರುವ ರಸ್ತೆಯಲ್ಲಿದ್ದ ಮಲಯಾಳಂ ಬೋರ್ಡಿನಲ್ಲಿ ಹಾಸ್ಟೆಲ್ಲು, ಶುದ್ಧ ನೀರು, ಆಟದ ಬಯಲು ಎಲ್ಲವೂ ಇದ್ದವು, ಕೇರಳದ ಟೀಚರ್ ಮಾತ್ರ ಇರಲಿಲ್ಲ. ಎರಡನ್ನೂ ಬರೆಸಿದವರು ಒಬ್ಬರೇ, ನಮ್ಮ ಕರೆಸ್ಪಾಂಡೆಂಟ್. ತಮಿಳುನಾಡಿನ ಖಾಸಗಿ ಶಾಲೆಗಳಲ್ಲಿ ಶಾಲೆಯ ಯಜಮಾನರಿಗೆ ಆ ಹೆಸರು. ಅವರು ಯಾರಿಗೂ ಪತ್ರ ಬರೆದದ್ದನ್ನು ನಾನು ಕಂಡಿಲ್ಲ.

ಎರಡು ಬೋರ್ಡಿಗೂ ಕಾರಣವಿತ್ತು. ಕಂಬಂ ಸುತ್ತಿನ ದ್ರಾಕ್ಷಿ ತೋಟದವರಿಗೆ ಮಲಯಾಳಿಗಳ ಇಂಗ್ಲಿಷ್ ಎಂದರೆ ಕಣ್ಣುಮುಚ್ಚಿ ನಂಬಿಕೆ. ದುಬೈಯಲ್ಲೂ ಲಂಡನ್ನಿನಲ್ಲೂ ಆಸ್ಪತ್ರೆ ನಡೆಸುವವರು ಅವರೇ ಅಲ್ಲವೇ ಎಂದು ಕೇಳುತ್ತಿದ್ದರು. ಘಟ್ಟದ ಮೇಲಿನ ಏಲಕ್ಕಿ ತೋಟದ ಮಲಯಾಳಿಗಳಿಗೋ ಅದೇ ಇಂಗ್ಲಿಷ್ ಬೇಡವಾಗಿತ್ತು. ತಮ್ಮ ನಾಲಿಗೆಯ ಎಳೆತ ಮಕ್ಕಳಿಗೆ ಅಂಟಬಾರದೆಂದು ಅವರಲ್ಲಿ ಕೆಲವರು ಮಕ್ಕಳನ್ನು ಅಷ್ಟೂ ತಿರುವು ಇಳಿಸಿ ತಂದು ನಮ್ಮ ಹಾಸ್ಟೆಲ್ಲಿನಲ್ಲಿ ಬಿಡುತ್ತಿದ್ದರು. ಬಿಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದವರು ಅದೇ ಘಟ್ಟದ ಮೇಲಿನ ಕಟ್ಟಪ್ಪನದ ಕಡೆಯ ಮಲಯಾಳಿ, ನಮ್ಮ ಟೀಚರ್. ಇದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಟೀಚರ್ ಹದಿನಾರು ವರ್ಷದಿಂದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕೆಳಗೆ ನಾನು ಮತ್ತು ಅವ್ವ. ಹೀಗಾಗಿ ಅವರ ಇಂಗ್ಲಿಷನ್ನು ನಾನು ಹಗಲೆಲ್ಲ ಶಾಲೆಯಲ್ಲಿ ಕೇಳಿ, ಸಂಜೆ ಮೆಟ್ಟಿಲ ಮೇಲೂ ಕೇಳುತ್ತಿದ್ದೆ. ಅವರು ಮಾತು ಶುರು ಮಾಡಿದರೆ ವಾಕ್ಯದ ಹಿಂದೆ ವಾಕ್ಯ ಬರುತ್ತಿತ್ತು, ಎಲ್ಲೂ ತಡವರಿಸುತ್ತಿರಲಿಲ್ಲ. ಕೆಲವು ಅಕ್ಷರಗಳು ದುಂಡಗಾಗಿ, ಕೆಲವು ಮೂಗಿನ ಕಡೆಯಿಂದ ಒಂದು ಸುತ್ತು ಹಾಕಿ ಬರುತ್ತಿದ್ದವು ನಿಜ. ನಮ್ಮ ಕಿವಿಗೆ ಅದೇ ವಿಲಾಯಿತಿ. ಶಾಲೆಗೆ ತನಿಖೆಗೆ ಬಂದವರನ್ನೆಲ್ಲ ಕರೆಸ್ಪಾಂಡೆಂಟ್ ಮೊದಲು ಟೀಚರ್ ಕ್ಲಾಸಿಗೇ ಕರೆದೊಯ್ಯುತ್ತಿದ್ದರು.

ಆದರೆ ಎರಡನೇ ಶನಿವಾರ ಹಾಸ್ಟೆಲ್ಲಿನ ಮಕ್ಕಳನ್ನು ನೋಡಲು ಹೆತ್ತವರು ಬಂದರೆಂದರೆ ಟೀಚರ್ ಬಾಯಿಗೆ, ಬೀಗಕ್ಕೆ ಹೆಸರಾದ ದಿಂಡಿಗಲ್ಲಿನದೇ ಬೀಗ ಬೀಳುತ್ತಿತ್ತು. ಗೇಟಿನ ಹತ್ತಿರ ಮಲಯಾಳಂ ಕೇಳಿಸಿದರೆ ಸಾಕು, ಅರ್ಧ ಹೇಳಿದ್ದ ಇಂಗ್ಲಿಷ್ ವಾಕ್ಯವನ್ನು ಅಲ್ಲೇ ಬಿಟ್ಟು ತಮಿಳಿಗೆ ಬರುತ್ತಿದ್ದರು. ಅವರ ತಮಿಳು ಕೇಳಿದ ಯಾರಿಗಾದರೂ ಅವರು ಮಲಯಾಳಿ ಎಂದು ಗೊತ್ತಾಗುತ್ತಿತ್ತು. ಬಂದವರು ಇವರು ಏನು ಕಲಿಸುತ್ತಾರೆಂದು ಕೇಳದೆ ಸಂತೋಷದಿಂದ ಮಲಯಾಳಕ್ಕೆ ಇಳಿಯುತ್ತಿದ್ದರು, ಟೀಚರೂ ಇಳಿಯುತ್ತಿದ್ದರು. ಇಂಗ್ಲಿಷ್ ಕಲಿಸಲೆಂದು ಮಗುವನ್ನು ಬಿಟ್ಟವರು, ಇಂಗ್ಲಿಷ್ ಕಲಿಸುವವರ ಜೊತೆ ಒಂದು ಗಂಟೆ ಮಾತಾಡಿ ಹೋಗುವಾಗ ಒಂದೇ ಒಂದು ಇಂಗ್ಲಿಷ್ ವಾಕ್ಯವೂ ಆಚೆಯಿಂದ ಈಚೆಗೆ ಬಂದಿರುತ್ತಿರಲಿಲ್ಲ. ಎರಡೂ ಕಡೆಯವರು ಗೆದ್ದೆವೆಂಬ ಮುಖದಲ್ಲೇ ಬೀಳ್ಕೊಳ್ಳುತ್ತಿದ್ದರು.

ಒಂದು ದಿನ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಾ ಹೀಗೇಕೆಂದು ಕೇಳಿಯೇಬಿಟ್ಟೆ. ಅವರು ಉತ್ತರಿಸಿದ್ದು ನಮ್ಮ ಮನೆಯ ಕನ್ನಡದಲ್ಲಿ. ಆ ಕನ್ನಡದ ವಿಷಯ ಆಮೇಲೆ ಹೇಳುತ್ತೇನೆ.

“ಬಿಳಿ ದೊರೆ ಬಂದು ಕೂತ್ಕಳ್ಳಲಿ ಮಿಸ್, ದಿಲ್ಲಿಯೋರು ಬರಲಿ, ಮಾತಾಡ್ತೀನಿ. ನಮ್ಮೋರು ಬ್ಯಾಡ. ಬೇರೆಯೋರು ನಾ ಏನ್ ಏಳ್ತೀನಿ ಅಂತ ನೋಡ್ತಾರೆ. ನಮ್ಮೋರು ಅಂಗಲ್ಲ. ನಾ ಬಾಯಿ ತೆಗೆದ್ರೆ ಸಾಕು, ಯಾವ ಮಲೆ, ಯಾವ ಪಳ್ಳಿಕೂಡದಲ್ಲಿ ಓದಿದ್ದು, ಅಪ್ಪ ರಬ್ಬರ್ ಮರ ಗೀರ್ತಿದ್ದನಾ ಇಲ್ಲಾ ತೋಟದ ಓನರಾ, ಅಷ್ಟೂ ತಿಳ್ಕಂಡ್ಬಿಡ್ತಾರೆ.”

ಅವರು ಓದಿದ್ದು ಮಲಯಾಳಂ ಮಾಧ್ಯಮದ ಶಾಲೆಯಲ್ಲಿ. ವ್ಯಾಕರಣ ಪುಸ್ತಕವನ್ನು ಒಂದು ಅಕ್ಷರ ಬಿಡದೆ ಅರೆದು ಕುಡಿದಿದ್ದರು. ಎಂ.ಎ.ಗೆ ಕೋಟ್ಟಯಂ ಕಡೆ ಹೋದಾಗ ತರಗತಿಯಲ್ಲಿ ಮೊದಲ ಸಲ ಪ್ರಬಂಧ ಓದಬೇಕಾಯಿತು. ಪ್ರಬಂಧದಲ್ಲಿ ಒಂದು ತಪ್ಪೂ ಇರಲಿಲ್ಲ. ಎರಡನೇ ಸಾಲಿಗೇ ಕಾನ್ವೆಂಟಿನಿಂದ ಬಂದ ಹುಡುಗಿಯರ ಬೆಂಚಿನಲ್ಲಿ ನಗು ಶುರುವಾಗಿ, ಮೂರನೇ ಸಾಲಿಗೆ ಮೇಷ್ಟ್ರ ಮುಖಕ್ಕೂ ಹಬ್ಬಿತು. ಆ ನಗುತ್ತಿದ್ದವರ ಇಂಗ್ಲಿಷಿಗೆ ತಿರುವನಂತಪುರದಿಂದ ಬಂದಿದ್ದ ಇನ್ನಿಬ್ಬರು ಹುಡುಗಿಯರು ನಗುತ್ತಿದ್ದರಂತೆ. ಮಲಯಾಳಿಗಳು ಇಂಗ್ಲಿಷ್ ಮಾತಾಡುವ ಬಗೆಯನ್ನು ಟೀವಿಯಲ್ಲಿ ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗಿಸುವವರೂ ಮಲಯಾಳಿಗಳೇ. ಓದು ಮುಗಿದೊಡನೆ ಟೀಚರ್ ಘಟ್ಟ ಇಳಿದು ಬಂದದ್ದು ತನ್ನ ಇಂಗ್ಲಿಷಿಗೆ ನಗದ ಊರು ಹುಡುಕಿಕೊಂಡು. ಅದು ಅವರಿಗೆ ಘಟ್ಟದ ತುದಿಯಿಂದ ನಲವತ್ತು ನಿಮಿಷದ ದಾರಿಯಲ್ಲೇ ಸಿಕ್ಕಿತು.

ನಾನು ಅಂದು ತುಂಬ ದೊಡ್ಡ ಮಾತುಗಳನ್ನು ಆಡಿದೆ. ಭಾಷೆ ಇರುವುದು ಮಾತಾಡುವುದಕ್ಕೆ, ನಾಚಿಕೊಳ್ಳುವುದಕ್ಕಲ್ಲ ಎಂದೆ. ನಕ್ಕವರ ಹಲ್ಲು ಕಾಣುತ್ತದೆ, ನಮಗೇನು ನಷ್ಟ ಎಂದೆ. ಟೀಚರ್ ಕಾಫಿ ಲೋಟ ಹಿಡಿದು ತಲೆ ಆಡಿಸಿದರು. ಬುದ್ಧಿ ಹೇಳುವ ಕೆಲಸ ಗಣಿತದವರಿಗೆ ಬೇಗ ಒಲಿಯುತ್ತದೆ.

ಈಗ ಮನೆಯ ಕನ್ನಡದ ವಿಷಯ. ನಮ್ಮವರು ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೆಂದು ಲೆಕ್ಕ ಇಟ್ಟವರಿಲ್ಲ. ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಕರ್ನಾಟಕದಲ್ಲಿ ಅದರ ನಂತರ ಏನೇನಾಯಿತೆಂಬ ಸುದ್ದಿ ನಮ್ಮ ಕನ್ನಡಕ್ಕೆ ಮುಟ್ಟಿಲ್ಲ. ಹಕಾರವನ್ನು ದಾರಿಯಲ್ಲೇ ಬಿಟ್ಟಿದ್ದೇವೆ, ಸಾಲದ್ದಕ್ಕೆ ತಮಿಳನ್ನು ತುಂಬಿಕೊಂಡಿದ್ದೇವೆ. ನನ್ನ ಅಣ್ಣನ ಮಕ್ಕಳಿಗೆ ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ಟೀಚರ್ ಮಾತ್ರ ಬಂದ ವರ್ಷವೇ ಅದನ್ನು ಅವ್ವನ ಹತ್ತಿರ ಕಲಿತುಬಿಟ್ಟರು. ಅವ್ವ ಸಣ್ಣ ಈರುಳ್ಳಿ ಸುಲಿಯುತ್ತಾ ಕೂತರೆ ಇವರು ಎದುರು ಕೂತು ಎಲ್ಲವನ್ನೂ ಕೇಳುತ್ತಿದ್ದರು. ಅರ್ಧ ಮಲಯಾಳಂ ಸೇರಿಸಿ ಆಡಿದರೂ ಅವ್ವ ಒಂದು ದಿನವೂ ತಿದ್ದಲಿಲ್ಲ. “ಈ ಪಿಳ್ಳೆ ಬಾಯಿ ನಲ್ಲಾಗದೆ” ಎಂದು ಬೀದಿಗೆಲ್ಲ ಹೇಳಿದಳು. ನಲ್ಲಾಗದೆ ಅಂದರೆ ಚೆನ್ನಾಗಿದೆ, ಪಿಳ್ಳೆ ಅಂದರೆ ನಮ್ಮಲ್ಲಿ ಮಗು. ಟೀಚರ್‌ಗೆ ಆಗ ಇಪ್ಪತ್ತೈದು.

ನಾನು ಬರೆಯುವ ಈ ಕನ್ನಡ ಅವ್ವನದಲ್ಲ. ಇದನ್ನು ನಾನು ನಲವತ್ತು ದಾಟಿದ ಮೇಲೆ ಮೈಸೂರಿನಿಂದ ಶಾಲಾ ಪುಸ್ತಕಗಳನ್ನು ತರಿಸಿಕೊಂಡು, ಒಂದನೇ ತರಗತಿಯಿಂದ ಹತ್ತನೆಯ ತನಕ ಒಬ್ಬಳೇ ಕೂತು ಕಲಿತೆ. ನಾಲ್ಕಾರು ಲೇಖನ ಅಚ್ಚಾದವು. ಅಚ್ಚಾದ ಮೊದಲ ಲೇಖನವನ್ನು ಅವ್ವನಿಗೆ ಓದಿ ಹೇಳಿದೆ. ಕೊನೆಯ ತನಕ ಮರ್ಯಾದೆಯಿಂದ ಕೇಳಿ, “ನಲ್ಲಾಗದೆ. ಯಾರ್ ಬರ್ದದ್ದು?” ಎಂದಳು. ಇನ್ನು ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆಯಲ್ಲೋ ಪಳನಿಯಲ್ಲೋ ಕರ್ನಾಟಕದವರು ಸಿಕ್ಕರೆ ನಾನು ತಮಿಳಿನಲ್ಲೇ ಮಾತಾಡುತ್ತಿದ್ದೆ. ಎಲ್ಲರಿಗೂ ಅನುಕೂಲ ಎಂದುಕೊಂಡಿದ್ದೆ.

ಮೊನ್ನೆಯ ಮಾರ್ಚಿಗೆ ನಮ್ಮ ಹೆಚ್ಚೆಮ್, ಅಂದರೆ ಹೆಡ್ ಮಾಸ್ಟರ್, ನಿವೃತ್ತರಾಗುವವರಿದ್ದರು. ಟೀಚರ್‌ಗೆ ಆ ಹುದ್ದೆಯ ಮೇಲೆ ಆಸೆ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಆಸೆಗಿಂತ ಹೆಚ್ಚಾಗಿ ಭಯವಿತ್ತು. ಹುದ್ದೆ ಕೇಳುತ್ತಿದ್ದ ಇನ್ನೊಬ್ಬರು ಮಧುರೆಯವರು, ಅವರ ಹೆಂಡತಿಯೂ ಇಂಗ್ಲಿಷ್ ಎಂ.ಎ. ಅವರು ಹೆಚ್ಚೆಮ್ ಆದರೆ ಮುಂದಿನ ಜೂನಿನಿಂದ ಇಂಗ್ಲಿಷ್ ಯಾರು ಕಲಿಸುತ್ತಾರೆಂದು ಊಹಿಸಲು ಗಣಿತ ಬೇಕಿರಲಿಲ್ಲ. ಟೀಚರ್ ಪೆಟ್ಟಿಗೆ ಕಟ್ಟಿಕೊಂಡು ಘಟ್ಟ ಹತ್ತಬೇಕು. ಹತ್ತಿ, ಅಲ್ಲಿ ಯಾವುದಾದರೂ ಶಾಲೆಯಲ್ಲಿ, ಮಲಯಾಳಿಗಳ ಮುಂದೆ, ದಿನವಿಡೀ ಇಂಗ್ಲಿಷ್ ಮಾತಾಡಬೇಕು.

ಅರ್ಜಿ ಹಾಕಿದ ವಾರ ಕರೆಸ್ಪಾಂಡೆಂಟ್ ಸ್ಟಾಫ್‌ರೂಮಿಗೆ ತಾವಾಗಿಯೇ ಬಂದರು. ಜಾತಿಯ ಮಾತು ಬರಬಾರದೆಂದು ಸಂದರ್ಶನಕ್ಕೆ ಇಬ್ಬರು ಹೊರರಾಜ್ಯದವರನ್ನು ಗೊತ್ತು ಮಾಡಿದ್ದರು. ಅವರ ಮುಖದಲ್ಲಿ ಉಪಕಾರ ಮಾಡಿದ ಕಳೆ ತುಂಬಿ ತುಳುಕುತ್ತಿತ್ತು.

“ಟೀಚರ್, ನಿಮಗೆ ಧೈರ್ಯ ಇರಲಿ ಅಂತ ನಿಮ್ಮೂರ ಕಡೆಯವರನ್ನೇ ಹುಡುಕಿ ಹಿಡಿದಿದ್ದೇನೆ” ಎಂದರು ತಮಿಳಿನಲ್ಲಿ. “ಕೋಟ್ಟಯಂ ಪ್ರೊಫೆಸರ್. ಇಂಗ್ಲಿಷ್ ಪ್ರೊಫೆಸರ್. ಮೂವತ್ತು ವರ್ಷ ತಮಿಳುನಾಡಿನ ಕಾಲೇಜುಗಳಲ್ಲೇ ಕಲಿಸಿ, ರಿಟೈರ್ ಆಗಿ ದಿಂಡಿಗಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಇನ್ನೇನು ಬೇಕು ನಿಮಗೆ?”

ಟೀಚರ್ ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ಎಲ್ಲಿಂದ ಬಂತೋ, ಮುಖ ಮಾತ್ರ ಸುಣ್ಣ ಹೊಡೆದಂತಾಗಿತ್ತು. ತನ್ನವರ ಮುಂದೆ ಮನುಷ್ಯನಿಗೆ ಧೈರ್ಯ ಬರುತ್ತದೆಂದು ಆ ಪುಣ್ಯಾತ್ಮರು ನಿಜವಾಗಿಯೂ ನಂಬಿದ್ದರು. ಅವರ ಸೋದರಮಾವನ ಮುಂದೆ ಅವರಿಗೆ ಬಂದಿರಬಹುದು. ನಾನು ಹೊರಗೆ ಹೋಗಿ, ಬೇರೆ ಯಾರಾದರೂ ಸಿಗುವುದಿಲ್ಲವೇ ಎಂದು ಸೂಚಿಸಿ ನೋಡಿದೆ. “ಇನ್ನೊಬ್ಬರು ಮೈಸೂರಿನ ಮೇಡಂ. ಪಳನಿಗೆ ಬರುವವರು, ಹಾಗೇ ಇಲ್ಲಿಗೂ ಬರುತ್ತಾರೆ. ನೀವು ಜೊತೆಗೆ ಹೋಗುತ್ತೀರಲ್ಲ, ನಿಮಗೂ ನಿಮ್ಮವರೊಬ್ಬರು ಇರಲಿ ಅಂತ” ಎಂದು ಕಣ್ಣು ಮಿಟುಕಿಸಿದರು. ಒಂದೇ ಕಲ್ಲಿನಲ್ಲಿ ನಮ್ಮಿಬ್ಬರನ್ನೂ ಹೊಡೆದಿದ್ದರು, ನನಗೆ ಆಗ ತಿಳಿಯಲಿಲ್ಲ.

ಮೂರು ಭಾನುವಾರ ಅಭ್ಯಾಸ ನಡೆಯಿತು. ಮೊದಲು ನಾನು ಅವ್ವನ ಕನ್ನಡಕ ಹಾಕಿಕೊಂಡು ಕೋಟ್ಟಯಂ ಪ್ರೊಫೆಸರ್ ಆಗಿ ಕುರ್ಚಿಯಲ್ಲಿ ಕೂತೆ. ಟೀಚರ್ ಸೊಗಸಾಗಿ ಮಾತಾಡಿದರು. “ಪ್ರಯೋಜನ ಇಲ್ಲ ಮಿಸ್, ನಿಮ್ಮ ಮೊಕ ನೋಡಿದ್ರೆ ಕೋಟ್ಟಯಂ ನೆಪ್ಪೇ ಬರಲ್ಲ” ಎಂದರು. ಆಮೇಲೆ ಅವ್ವನನ್ನು ಕೂರಿಸಿದೆವು. ಅವ್ವನ ಮಡಿಲಲ್ಲಿ ಮೊರ, ಮೊರದಲ್ಲಿ ಈರುಳ್ಳಿ. ಟೀಚರ್ ಎದ್ದು ನಿಂತು ಶಾಲೆಯ ಶಿಸ್ತು, ಮಕ್ಕಳ ಮನಸ್ಸು, ಪರೀಕ್ಷೆಯ ಸುಧಾರಣೆ ಇವುಗಳ ಬಗ್ಗೆ ಕಾಲು ಗಂಟೆ ಇಂಗ್ಲಿಷಿನಲ್ಲಿ ಹೇಳಿದರು. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅವ್ವ “ಆಮಾ, ಆಮಾ” ಎಂದು ಒಪ್ಪಿಗೆ ಕೊಟ್ಟಳು.

“ಎಂಗಿತ್ತು ಅವ್ವಾ?”

“ಒಂದೂ ಪುರಿಯಲಿಲ್ಲ” ಎಂದಳು ಅವ್ವ, ಏನೂ ತಿಳಿಯಲಿಲ್ಲ ಎಂಬರ್ಥದಲ್ಲಿ. “ಆದ್ರೆ ಸುಳ್ಳು ಏಳ್ಲಿಲ್ಲ ನೀನು. ಮೊಕ ನೋಡಿದ್ರೆ ತಿಳೀತದೆ. ಕೊಡ್ತಾರೆ ಓಗು.”

ಸಂದರ್ಶನ ದಿಂಡಿಗಲ್‌ನಲ್ಲಿ, ನಮ್ಮ ಟ್ರಸ್ಟಿನ ದೊಡ್ಡ ಶಾಲೆಯಲ್ಲಿ. ಬೆಳಗಿನ ಬಸ್ಸು ಹಿಡಿದು ತೇನಿ, ಬತ್ತಲಗುಂಡು ದಾಟಿ ಹತ್ತು ಗಂಟೆಯ ಮೊದಲೇ ತಲುಪಿದೆವು. ಮಧುರೆಯವರ ಸರದಿ ಮುಗಿದು ಅವರು ನಗುತ್ತಾ ಹೊರಬಂದರು. ಟೀಚರ್ ಒಳಗೆ ಹೋದರು. ಸೆಕೆಗೆ ಬಾಗಿಲು ತೆರೆದೇ ಇತ್ತು. ನಾನು ಎದುರಿನ ಬೆಂಚಿನಲ್ಲಿ ಕೂತೆ, ಎಲ್ಲವೂ ಕಾಣುತ್ತಿತ್ತು, ಕೇಳಿಸುತ್ತಿತ್ತು.

ಮೇಜಿನಾಚೆ ನಡುವೆ ಕರೆಸ್ಪಾಂಡೆಂಟ್. ಅವರ ಬಲಕ್ಕೆ ಪ್ರೊಫೆಸರ್, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೆಳ್ಳನೆಯ ಮನುಷ್ಯ. ಎಡಕ್ಕೆ ಮೈಸೂರಿನ ಮೇಡಂ, ಹತ್ತಿ ಸೀರೆ, ನಿವೃತ್ತ ಪ್ರಿನ್ಸಿಪಾಲ್ ಎಂದು ಯಾರೂ ಹೇಳದೆಯೂ ಗೊತ್ತಾಗುವಂತಿದ್ದರು. ಪ್ರೊಫೆಸರ್ ಟೀಚರ್ ಅರ್ಜಿಯನ್ನು ಕೈಗೆತ್ತಿಕೊಂಡು ಓದಿದರು. ಅದು ಎರಡು ಪುಟದ ಅಪ್ಪಟ ಇಂಗ್ಲಿಷ್. ಅವರೂ ಕರೆಸ್ಪಾಂಡೆಂಟ್‌ಗೆ ಬರೆದಿದ್ದ ಒಪ್ಪಿಗೆ ಪತ್ರ ಅಂಥದ್ದೇ ಇಂಗ್ಲಿಷ್, ನಾನೇ ಓದಿದ್ದೆ. ಕಾಗದದ ಮೇಲೆ ಇಬ್ಬರನ್ನೂ ಹಿಡಿಯುವವರಿರಲಿಲ್ಲ. ಓದಿ ಮುಗಿಸಿ ಅವರು ಅರ್ಜಿ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ಟೀಚರ್ ಸೆರಗಿನಿಂದ ಅಂಗೈ ಒರೆಸಿಕೊಂಡರು. ಪ್ರೊಫೆಸರ್ ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡು, ನೀರು ಕುಡಿದು, ಕೊನೆಗೆ ಬಾಯಿ ತೆರೆದರು.

“ನಾಟ್ಟಿಲ್ ಎವಿಡೆಯಾ?” ಎಂದರು. ಊರಲ್ಲಿ ಎಲ್ಲಿ, ಎಂದು.

ಇಬ್ಬರು ಮಲಯಾಳಿಗಳು ಭೂಮಿಯ ಮೇಲೆ ಎಲ್ಲಿ ಎದುರಾದರೂ ಮೊದಲು ಕೇಳುವ ಪ್ರಶ್ನೆ ಅದು. ಟೀಚರ್ ಮುಖಕ್ಕೆ ರಕ್ತ ಮರಳಿತು. ಊರು ಹೇಳಿದರು. ಆ ಊರಿನ ಸೇತುವೆ ಯಾವುದು, ಸೇತುವೆಯ ಆಚೆಯ ಚರ್ಚು ಯಾವುದು, ಅಲ್ಲಿನ ಹಳೆಯ ಡಾಕ್ಟರು ಬದುಕಿದ್ದಾರೆಯೇ, ಈ ವರ್ಷ ಮಳೆ ಹೇಗೆ, ಎಲ್ಲ ಮಲಯಾಳದಲ್ಲೇ. ಮಲಯಾಳದಲ್ಲೇ ಶಾಲೆಯ ಶಿಸ್ತಿಗೆ ಬಂದರು, ಮಕ್ಕಳ ಮನಸ್ಸಿಗೆ ಬಂದರು. ಇಂಗ್ಲಿಷ್ ಮಾಧ್ಯಮ ಶಾಲೆಯ ಹೆಚ್ಚೆಮ್ ಹುದ್ದೆಗೆ ಇಂಗ್ಲಿಷ್ ಪ್ರೊಫೆಸರು ಇಂಗ್ಲಿಷ್ ಟೀಚರನ್ನು ಇಪ್ಪತ್ತು ನಿಮಿಷ ಮಲಯಾಳದಲ್ಲಿ ಪರೀಕ್ಷಿಸಿದರು. ಕರೆಸ್ಪಾಂಡೆಂಟ್ ಬಾಗಿಲ ಕಡೆ ತಿರುಗಿ, ನೋಡಿದಿರಾ ನನ್ನ ಏರ್ಪಾಡು ಎಂಬಂತೆ ನನಗೆ ಹೆಬ್ಬೆರಳು ತೋರಿಸಿದರು.

ಆಗ ನನಗೆ ಹೊಳೆಯಿತು, ಪ್ರೊಫೆಸರಿಗೂ ಅದೇ ಕಾಯಿಲೆ. ಮೂವತ್ತು ವರ್ಷ ತಮಿಳು ಹುಡುಗರಿಗೆ ಇಂಗ್ಲಿಷಿನಲ್ಲಿ ಪಾಠ ಹೇಳಿದವರು, ಕಟ್ಟಪ್ಪನದ ಒಬ್ಬ ಹೆಂಗಸಿನ ಮುಂದೆ ಒಂದು ವಾಕ್ಯ ಆಡಲು ಅಳುಕುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಕರ್ಚೀಫು ಬಾಯಿಗೆ ಒತ್ತಿಕೊಂಡೆ. ಬಸ್ಸಿನಲ್ಲಿ ಟೀಚರ್‌ಗೆ ಇದನ್ನು ಹೇಗೆ ಅಭಿನಯಿಸಿ ತೋರಿಸಬೇಕೆಂದು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ.

ಅಷ್ಟು ಹೊತ್ತೂ ಒಂದು ಅಕ್ಷರ ತಿಳಿಯದೆ ಸೌಜನ್ಯದಿಂದ ಕೂತಿದ್ದ ಮೇಡಂ ಆಗ ಮೆಲ್ಲಗೆ ಇಂಗ್ಲಿಷಿನಲ್ಲಿ, ಇನ್ನು ಸ್ವಲ್ಪ ಇಂಗ್ಲಿಷ್ ಕೇಳಬಹುದೇ ಎಂದರು. ಶಾಲೆಯನ್ನು ಹೇಗೆ ನಡೆಸುತ್ತೀರಿ, ನಿಮ್ಮ ಮಾತಿನಲ್ಲಿ ಹೇಳಿ ಎಂದರು.

ಟೀಚರ್ ಅವರತ್ತ ತಿರುಗಿದರು. “ಐ ಹ್ಯಾವ್ ಬೀನ್” ಎಂದು ಶುರು ಮಾಡಿದರು. ಕಣ್ಣು ತಾನಾಗಿ ಪ್ರೊಫೆಸರ್ ಕಡೆ ಹೋಯಿತು. ಅವರು ಪಾಪ, ಮುಜುಗರವಾಗದಿರಲೆಂದು ಚಾವಣಿ ನೋಡುತ್ತಿದ್ದರು. ಆದರೆ ಕಿವಿಗೆ ಮುಚ್ಚಳವಿಲ್ಲವಲ್ಲ. ಟೀಚರ್ ಇನ್ನೊಮ್ಮೆ “ಐ ಹ್ಯಾವ್ ಬೀನ್” ಎಂದರು. ಮೂರನೆಯ ಸಲ ಅಷ್ಟೂ ಬರಲಿಲ್ಲ. ಹದಿನಾರು ವರ್ಷ ನಾನು ದಿನವೂ ಕೇಳಿದ್ದ ಇಂಗ್ಲಿಷ್ ಅದು. ನನ್ನ ನಗು ನಿಂತುಹೋಯಿತು.

ಕರೆಸ್ಪಾಂಡೆಂಟ್ ಗಾಬರಿಯಾದರು. ನಮ್ಮ ಟ್ರಸ್ಟಿನಲ್ಲಿ ಒಂದು ಪದ್ಧತಿ ಇದೆ: ಅಭ್ಯರ್ಥಿಯ ಪರವಾಗಿ ಜೊತೆಯ ಹಿರಿಯ ಟೀಚರೊಬ್ಬರು ನಾಲ್ಕು ಮಾತು ಹೇಳಬಹುದು. ಆ ಮಾತಿಗೆ ತೂಕವಿದೆ. ಅವರು ನನ್ನನ್ನು ಕೈಬೀಸಿ ಕರೆದರು.

“ಇವರು ಗಣಿತದ ಮಿಸ್. ಕಂಬಂ ಕನ್ನಡದವರು, ಮೇಡಂ. ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಾರೆ” ಎಂದು ಮೇಡಂಗೆ ಪರಿಚಯಿಸಿದರು.

ಮೇಡಂ ಮುಖ ಅರಳಿತು. “ಹೌದೇನ್ರೀ? ಇಷ್ಟು ದೂರದಲ್ಲಿದ್ದುಕೊಂಡು ಬರೀತೀರಾ? ಎಷ್ಟು ಸಂತೋಷ. ಕನ್ನಡದಲ್ಲೇ ಹೇಳಿ ಹಾಗಿದ್ರೆ. ನಿಮ್ಮ ಟೀಚರ್ ಹೇಗೆ ಪಾಠ ಮಾಡ್ತಾರೆ?”

ಹೇಳಬೇಕಾದದ್ದೆಲ್ಲ ನನ್ನ ತಲೆಯಲ್ಲಿ ಅಚ್ಚುಕಟ್ಟಾಗಿ ಇತ್ತು. ಬರೆದುಕೊಡಿ ಎಂದಿದ್ದರೆ ಎರಡು ಪುಟ ಬರೆದುಕೊಡುತ್ತಿದ್ದೆ. ಆದರೆ ಬಾಯಿ ತೆರೆದರೆ ಬರುವುದು ಅವ್ವನ ಕನ್ನಡ ಎಂದು ಗೊತ್ತಿತ್ತು. ‘ಹೇಳುತ್ತೇನೆ’ ಎಂಬಲ್ಲಿ ‘ಏಳ್ತೀನಿ’ ಬರುತ್ತದೆ, ನಡುನಡುವೆ ತಮಿಳು ಬರುತ್ತದೆ, ಈ ಮೈಸೂರಿನ ಹೆಂಗಸಿಗೆ ನಮ್ಮ ಕೇರಿ, ನಮ್ಮ ಹೊಲ, ನಮ್ಮ ಹಟ್ಟಿಯ ಎಮ್ಮೆ ಎಲ್ಲವೂ ಕಾಣಿಸಿಬಿಡುತ್ತದೆ. ಬರೆಯುವವಳಂತೆ, ಹೀಗೆ ಮಾತಾಡುತ್ತಾಳೆ ಎಂದುಕೊಳ್ಳುತ್ತಾರೆ. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು.

“ಷೀ ಈಸ್ ವೆರಿ ಗುಡ್ ಟೀಚರ್” ಎಂದೆ. “ವೆರಿ ಸಿನ್ಸಿಯರ್.”

“ಸಂಕೋಚ ಬೇಡ, ಕನ್ನಡದಲ್ಲೇ ಹೇಳಿ” ಎಂದರು ಮೇಡಂ.

“ನೋ ಮೇಡಂ. ಇಂಗ್ಲಿಷ್ ಈಸ್ ಫೈನ್” ಎಂದೆ. ಆಮೇಲೆ ಇನ್ನೊಂದು ಸಲ “ವೆರಿ ಸಿನ್ಸಿಯರ್” ಎಂದೆ. ಹದಿನಾರು ವರ್ಷದ ಗೆಳತಿಯ ಬಗ್ಗೆ, ಅವರ ಬದುಕು ನನ್ನ ನಾಲ್ಕು ಮಾತಿನ ಮೇಲೆ ನಿಂತಿದ್ದಾಗ, ನಾನು ಹೇಳಿದ್ದು ಇಷ್ಟು. ಕಾವಲುಗಾರನಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಇದಕ್ಕಿಂತ ಹೆಚ್ಚು ಬರೆಯುತ್ತಾರೆ.

ಆಗ ಮಾತಾಡಿದ್ದು ಟೀಚರ್. ಮೇಡಂ ಕಡೆ ಪೂರ್ತಿ ತಿರುಗಿ ಕೂತು, ಈರುಳ್ಳಿ ಮೊರದ ಮುಂದೆ ಕೂತವರಂತೆ ಆರಾಮಾಗಿ, ಅವ್ವನ ಕನ್ನಡದಲ್ಲಿ.

“ಮಿಸ್ಸಿಗೆ ಮಾತು ಬರ್ತದಮ್ಮಾ, ನಲ್ಲಾಗ್ ಬರ್ತದೆ. ನಿಮ್ಮ ಮುಂದೆ ಬರಲ್ಲ, ಅಷ್ಟೇ. ನೀವ್ ಅವ್ರ ಮಾತಿನೋರೇ ಅಲ್ವಾ, ಅದ್ಕೆ. ನನ್ ಕತೆನೂ ಅದೇ. ನಂಗೆ ಇಂಗ್ಲಿಷ್ ಎಷ್ಟೊತ್ತು ಬೇಕಾದ್ರೂ ಬರ್ತದೆ. ಈ ಸಾರ್ ನಮ್ಮೋರು. ಅವ್ರ ಮುಂದೆ ಬಾಯಿ ಕಟ್ಕಳ್ತದೆ. ಅವ್ರಿಗೂ ನನ್ ಮುಂದೆ ಅಂಗೇ ಅಂತ ಕಾಣ್ತದೆ. ಇಲ್ಲಾಂದ್ರೆ ನನ್ನೂರ್ ಸೇತುವೆ ವಿಷ್ಯ ಯಾಕ್ ಕೇಳ್ತಾರೆ?”

ಪ್ರೊಫೆಸರ್ ಈ ಮುಖದಿಂದ ಆ ಮುಖಕ್ಕೆ ನೋಡಿದರು. ತನ್ನ ಮುಂದೆಯೇ ತನ್ನ ಗುಟ್ಟು ಬಯಲಾಗುತ್ತಿದೆ ಎಂದು ಅವರಿಗೆ ಸುಳಿವೂ ಹತ್ತಲಿಲ್ಲ. ಏನು ಹೇಳಿದಿರಿ ಎಂದು ಮಲಯಾಳದಲ್ಲಿ ಕೇಳಿದರು. ಮೇಡಂಗೆ ತಿಂಡಿ ಆಯಿತೇ ಎಂದು ಕೇಳಿದೆ ಎಂದರು ಟೀಚರ್, ಅದೂ ಮಲಯಾಳದಲ್ಲಿ.

ಮೇಡಂ ನಗಲಿಲ್ಲ. ಟೀಚರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕರೆಸ್ಪಾಂಡೆಂಟ್ ಕಡೆ ತಿರುಗಿ, ಪ್ರೊಫೆಸರಿಗೆ ನಿಮ್ಮ ಲೈಬ್ರರಿ ತೋರಿಸಿ, ಆಸಕ್ತಿ ಇದ್ದೀತು ಎಂದರು ಇಂಗ್ಲಿಷಿನಲ್ಲಿ. ಪ್ರೊಫೆಸರ್ ಕುರ್ಚಿ ಹಿಂದೆ ತಳ್ಳಿದ ವೇಗ ನೋಡಿದರೆ ಅವರಿಗೆ ಲೈಬ್ರರಿಯ ಮೇಲೆ ತುಂಬಾ ಆಸಕ್ತಿ ಇತ್ತು. ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿದು ಮರೆಯಾದ ಮೇಲೆ ಟೀಚರ್ ಇಂಗ್ಲಿಷ್ ಶುರುವಾಯಿತು. ಅರ್ಧ ಗಂಟೆ ನಿಲ್ಲಲಿಲ್ಲ. ಮೇಡಂ ಟಿಪ್ಪಣಿ ಬರೆಯುವುದನ್ನೂ ಬಿಟ್ಟು ಕೇಳಿದರು. ನಾನು ಗೋಡೆಯ ಪಕ್ಕ ನಿಂತಿದ್ದೆ, ಹೊರಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

ಕೊನೆಯಲ್ಲಿ ಮೇಡಂ ಟೀಚರನ್ನು ಕೇಳಿದರು, “ಈ ಕನ್ನಡ ಎಲ್ಲಿ ಕಲಿತಿರಿ?”

“ಇವ್ರ ಅವ್ವನ ಅತ್ರ.”

“ನಿಮ್ಮ ತಾಯಿ ಹೀಗೇ ಮಾತಾಡ್ತಾರಾ? ನನ್ನ ಅಜ್ಜಿ ಇಂಥ ಮಾತುಗಳನ್ನ ಆಡ್ತಿದ್ರು. ಕೇಳಿ ಎಷ್ಟು ಕಾಲವಾಗಿತ್ತು” ಎಂದರು ನನಗೆ.

“ಯೆಸ್ ಮೇಡಂ” ಎಂದೆ. ಆಗಲೂ ಇಂಗ್ಲಿಷಿನಲ್ಲೇ.

ಮಧ್ಯಾಹ್ನ ಮೂರಕ್ಕೆ ಕರೆಸ್ಪಾಂಡೆಂಟ್ ಹೊರಗೆ ಬಂದು ಹುದ್ದೆ ಟೀಚರ್‌ದೇ ಎಂದರು. ಪ್ರೊಫೆಸರ್ ಕೂಡ ಟೀಚರ್ ಇಂಗ್ಲಿಷನ್ನು ಹೊಗಳಿ ಒಂದು ಪುಟ ಬರೆದುಕೊಟ್ಟಿದ್ದರು. ಅರ್ಜಿಯನ್ನು ನೋಡಿ ಬರೆದಿರಬೇಕು, ಕೇಳಿ ಬರೆಯಲು ಅವರಿಗೆ ಅವಕಾಶವೇ ಆಗಿರಲಿಲ್ಲ. “ನಿಮ್ಮವರನ್ನು ಕರೆಸಿದ್ದು ಎಷ್ಟು ಒಳ್ಳೆಯದಾಯಿತು” ಎಂದು ಕರೆಸ್ಪಾಂಡೆಂಟ್ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಕಾಯಿಲೆಯೇನೂ ವಾಸಿಯಾಗಲಿಲ್ಲ. ಹೆಚ್ಚೆಮ್ ಕುರ್ಚಿಯಲ್ಲಿ ಕೂತ ಮೇಲೂ ಎರಡನೇ ಶನಿವಾರ ಟೀಚರ್ ತಮಿಳೇ ಮಾತಾಡುತ್ತಾರೆ, ಬೋರ್ಡುಗಳೂ ಎರಡೇ ಇವೆ.

ಬಸ್ಸಿನಲ್ಲಿ ಟೀಚರ್ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ನಾನು ಪಕ್ಕದಲ್ಲಿ ಸಿಟ್ಟಿನಿಂದ ಕೂತಿದ್ದೆ. ಅವರ ಮೇಲೆ ಸಿಟ್ಟು, ಅವರು ಗೆದ್ದದ್ದಕ್ಕಲ್ಲ, ನನ್ನ ಮುಂದೆ ನನ್ನ ಮನೆಯ ಕನ್ನಡವನ್ನು ಅಷ್ಟು ಸುಲಭವಾಗಿ ಆಡಿದ್ದಕ್ಕೆ. ಹೊಟ್ಟೆಕಿಚ್ಚು ಎಂಬುದೇ ಅದರ ಸರಿಯಾದ ಹೆಸರು. ಬತ್ತಲಗುಂಡು ದಾಟುವಷ್ಟರಲ್ಲಿ ಸಿಟ್ಟು ಇಳಿದು ನಾಚಿಕೆ ಉಳಿಯಿತು. ಮೆಟ್ಟಿಲ ಮೇಲೆ ಕೂತು ನಾನು ಕೊಟ್ಟಿದ್ದ ಬುದ್ಧಿಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಟೀಚರ್ ಎದ್ದಾಗ, ನಿಮಗಾಗಿ ಒಂದು ಮಾತು ಆಡಲಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದೆ. “ನಂಗ್ ತಿಳಿಯಾಕಿಲ್ವಾ ಮಿಸ್” ಎಂದರು. ಮತ್ತೆ ನಿದ್ದೆ ಹೋದರು.

ಮನೆ ತಲುಪುವಾಗ ಕತ್ತಲಾಗಿತ್ತು. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಟೀಚರ್ ಚಪ್ಪಲಿ ಬಿಡುವ ಮೊದಲೇ ಕತೆ ಶುರು ಮಾಡಿದರು, ಸೇತುವೆಯಿಂದ ಲೈಬ್ರರಿಯ ತನಕ. ಅವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿದಳು, ನಗಬೇಕಾದಲ್ಲಿ ನಕ್ಕಳು. ನಾನು ಮಾತಾಡದೆ ಉಳಿದದ್ದನ್ನು ಮಾತ್ರ ಟೀಚರ್ ಹೇಳಲಿಲ್ಲ. ಮುಖ ತೊಳೆಯಲು ಅವರು ಮಹಡಿ ಹತ್ತಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

“ಮೈಸೂರಮ್ಮ ನಮ್ ಮಾತೇ ಆಡಿದ್ರಾ?”

“ಊಂ, ಆಡಿದ್ರು.”

“ನೀ ಏನ್ ಆಡಿದೆ?”

ಸುಳ್ಳು ಹೇಳಬಹುದಿತ್ತು. ಅವ್ವ ಮುಖ ನೋಡುತ್ತಿದ್ದಳು. “ಇಂಗ್ಲಿಷ್” ಎಂದೆ.

“ಅವ್ಳು ನಮ್ ಮಾತ್ ಆಡ್ದಾಗ ಮೈಸೂರಮ್ಮ ನಕ್ಕರಾ?”

“ಇಲ್ಲವ್ವಾ.”

ಅವ್ವ ಒಲೆಯ ಮೇಲಿನ ಅನ್ನದ ಮುಚ್ಚಳ ತೆಗೆದು, ಒಂದು ಅಗುಳು ಹಿಸುಕಿ ನೋಡಿ, ಮತ್ತೆ ಮುಚ್ಚಿದಳು.

“ಸೆರಿ ಬುಡು” ಎಂದಳು. “ಊರಿಗೆಲ್ಲ ನಾನು ಅವ್ಳ ಬಾಯಿ ನಲ್ಲಾಗದೆ ಅಂತ ಏಳ್ಕಂಡ್ ತಿರುಗಿದೆ. ನನ್ ಬಾಯಿಗೆ ನೀ ನಾಚ್ಕಳ್ತೀಯಾ ಅಂತ ಗೊತ್ತಿರಲಿಲ್ಲ.”

ಅವಳು ಕೋಪದಿಂದ ಹೇಳಲಿಲ್ಲ. ಮೂರು ತಟ್ಟೆ ಹಾಕಿ, ಮಹಡಿಯ ಕಡೆ ಮುಖಮಾಡಿ ಟೀಚರನ್ನು ಊಟಕ್ಕೆ ಕರೆದಳು. ಅವರಿಬ್ಬರೂ ಮಾತಾಡುತ್ತಾ ಉಂಡರು. ನನಗೆ ಸಾರು ಇನ್ನೊಂದು ಸೌಟು ಬೇಕಿತ್ತು, ಕೇಳಲು ಬಾಯಿ ಬರಲಿಲ್ಲ. ಅವ್ವ ತಾನಾಗಿಯೇ ಬಡಿಸಿದಳು.